‘ನೆಟ್ ಸ್ಲೋ ಇದೆ’: ಒಂದು ದೂರಿನ ಚರಿತ್ರೆ

ಹಿಂಜವಾಡಿಯ ಯಾವ ಆಫೀಸಿಗೇ ಹೋಗಿ, ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತು ‘ನೆಟ್ ಸ್ಲೋ ಇದೆ’. ಮರಾಠಿ, ಹಿಂದಿ, ತೆಲುಗು, ಕನ್ನಡ ಯಾವುದರಲ್ಲಿ ಹೇಳಿದರೂ ‘ಸ್ಲೋ’ ಎಂಬ ಪದ ಮಾತ್ರ ಬದಲಾಗುವುದಿಲ್ಲ. ಡಾಕ್ಟರ ಎದುರು ಕೂತು ‘ಮೈಗೆ ಹುಷಾರಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದ ಹಾಗೆ ಇದು. ಜ್ವರವೋ, ಹೊಟ್ಟೆನೋವೋ, ರಾತ್ರಿ ನಿದ್ದೆ ಬಂದಿಲ್ಲವೋ, ಆ ಮಾತಿನಿಂದ ಗೊತ್ತಾಗುವುದಿಲ್ಲ. ಆದರೂ ನಮ್ಮ ಉದ್ಯಮದಲ್ಲಿ ಈ ಒಂದೇ ಸಾಲಿನ ದೂರಿನ ಮೇಲೆ ಲಕ್ಷಾಂತರ ರೂಪಾಯಿಯ ಲೈನುಗಳನ್ನು ಕೊಂಡಿದ್ದೇವೆ, ತಂಡಗಳನ್ನು ಬೈದಿದ್ದೇವೆ, ರಾತ್ರಿಪಾಳಿ ಹಾಕಿದ್ದೇವೆ.

ಸುಮಾರು ಎರಡು ದಶಕಗಳಿಂದ ಇಲ್ಲಿ ಪ್ರಾಜೆಕ್ಟ್ ಮ್ಯಾನೇಜರಿಕೆ ಮಾಡುತ್ತಿರುವವನಾಗಿ ನನಗೆ ಈ ದೂರಿನ ಚರಿತ್ರೆಯ ಬಗ್ಗೆ ಕುತೂಹಲ. ಒಂದು ಜಾಲದಿಂದ ಇನ್ನೊಂದಕ್ಕೆ, ಒಂದು ರೌಟರಿನಿಂದ ಇನ್ನೊಂದಕ್ಕೆ ದಾಟುತ್ತ ಸಾಗುವ ಮಾಹಿತಿ ಎಲ್ಲಿ ತಡೆಯಿತು ಎಂದು ಹುಡುಕುವುದನ್ನು ಮನುಷ್ಯರು ಹೇಗೆ ಕಲಿತರು? ಆ ಕಲಿಕೆಯಲ್ಲಿ ಬೆಂಗಳೂರಿಗೂ ಪುಣೆಗೂ ಏನು ಪಾಲು ಬಂತು? ಮತ್ತು ತಡವಾದದ್ದಕ್ಕೆ ಹೊಣೆ ಯಾರ ತಲೆಗೆ ಬಿತ್ತು? ಈ ಬರಹ ಅಷ್ಟಕ್ಕೇ ಸೀಮಿತ.

ಒಂದು ರಾತ್ರಿಯ ಸಾವಿರ ಸಾಲು

1983ರ ಡಿಸೆಂಬರ್. ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದ ಸೈನ್ಯದ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯ ಜಾಲ ಸರಿಯಾಗಿ ನಡೆಯುತ್ತಿರಲಿಲ್ಲ. ಅಲ್ಲಿದ್ದ ಮೈಕ್ ಮೂಸ್ ಎಂಬ ಎಂಜಿನಿಯರಿಗೆ ಅದೇ ವರ್ಷ ಡೇವಿಡ್ ಮಿಲ್ಸ್ ಸಭೆಯೊಂದರಲ್ಲಿ ಹೇಳಿದ್ದು ನೆನಪಾಯಿತು: ದೂರದ ಯಂತ್ರಕ್ಕೆ ‘ಓ’ ಎಂದು ಕೂಗಿ, ಅದು ‘ಓ’ ಎನ್ನಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆದರೆ ದಾರಿಯ ಸ್ಥಿತಿ ತಿಳಿಯುತ್ತದೆ. ಮೂಸ್ ಆ ರಾತ್ರಿಯೇ ಪ್ರೋಗ್ರಾಂ ಬರೆದರು. ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಅದಕ್ಕೆ ಬೇಕಾದ ಅನುಕೂಲವೇ ಇರಲಿಲ್ಲ. ಅದನ್ನೂ ತಾವೇ ಬರೆದು, ಬೆಳಗಾಗುವುದರೊಳಗೆ ಮುಗಿಸಿದರು. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಸದ್ದಿನ ಹೆಸರನ್ನೇ ಅದಕ್ಕೆ ಇಟ್ಟರು: ಪಿಂಗ್. ತಮಾಷೆಯೆಂದರೆ, ಅವರ ಮೊದಲ ಪಿಂಗ್ ಹೊರಡುವ ಮೊದಲೇ ಸಹೋದ್ಯೋಗಿಯೊಬ್ಬರು ಕೆಟ್ಟಿದ್ದ ಹಾರ್ಡ್‌ವೇರನ್ನು ಹುಡುಕಿ ಸರಿಪಡಿಸಿಬಿಟ್ಟಿದ್ದರು.

ಮೂಸ್ 2000ದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಸುಮಾರು ಸಾವಿರ ಸಾಲಿನ ಪ್ರೋಗ್ರಾಂ ಮಾತ್ರ ಇಂದಿಗೂ ನಿಮ್ಮ ಲ್ಯಾಪ್‌ಟಾಪಿನಲ್ಲಿದೆ. ಅದು ತಂದ ಬದಲಾವಣೆ ದೊಡ್ಡದು. ಅಲ್ಲಿಯವರೆಗೆ ‘ಸ್ಲೋ ಅನ್ನಿಸುತ್ತಿದೆ’ ಎನ್ನುತ್ತಿದ್ದವರು ‘240 ಮಿಲಿಸೆಕೆಂಡು’ ಎನ್ನತೊಡಗಿದರು. ಅನ್ನಿಸಿಕೆಗೆ ಅಂಕಿ ಬಂತು. ಅಂಕಿ ಬಂದ ಮೇಲೆ ನಿನ್ನೆಗೂ ಇವತ್ತಿಗೂ ಹೋಲಿಸಬಹುದು, ಇಬ್ಬರ ನಡುವೆ ಜಗಳವಾದರೆ ತೀರ್ಮಾನ ಮಾಡಬಹುದು.

ನಾನೂರು ಗಜದ ದಾರಿ

ಪಿಂಗ್ ಬಂದ ಮರುತಿಂಗಳು, 1984ರ ಜನವರಿಯಲ್ಲಿ, ಫೋರ್ಡ್ ಏರೋಸ್ಪೇಸ್ ಕಂಪನಿಯ ಜಾನ್ ನೇಗಲ್ ಆರ್‌ಎಫ್‌ಸಿ 896 ಎಂಬ ಟಿಪ್ಪಣಿ ಬರೆದರು. ಅದರ ಸಾರ ಇಷ್ಟು: ಜಾಲದ ಮೇಲೆ ಹೊರೆ ಹೆಚ್ಚಿದಾಗ ಉತ್ತರ ಬರುವುದು ತಡವಾಗುತ್ತದೆ; ಉತ್ತರ ಬರಲಿಲ್ಲವೆಂದು ಕಳಿಸಿದವನು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತಾನೆ; ಮೊದಲನೆಯದು ಇನ್ನೂ ಸಾಲಿನಲ್ಲೇ ನಿಂತಿರುತ್ತದೆ. ಹೀಗೆ ಪ್ರತಿಗಳ ಮೇಲೆ ಪ್ರತಿ ಸೇರಿ, ಲೈನು ಪೂರ್ತಿ ತುಂಬಿದ್ದರೂ ಉಪಯೋಗದ ಕೆಲಸ ಏನೂ ನಡೆಯದ ಸ್ಥಿತಿ ಬರುತ್ತದೆ. ಒಮ್ಮೆ ಬಂದರೆ ಅದು ತಾನಾಗಿ ಬಿಡುವುದೂ ಇಲ್ಲ. ಇದಕ್ಕೆ ಅವರು ದಟ್ಟಣೆಯ ಕುಸಿತ ಎಂದು ಹೆಸರು ಕೊಟ್ಟರು.

1986ರ ಅಕ್ಟೋಬರಿನಲ್ಲಿ ಅದು ನಿಜವಾಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬೊರೇಟರಿಗೂ ಅದರ ಕೆಳಗಿರುವ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು 400 ಗಜ ದೂರ. ಅಷ್ಟರ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಇಳಿಯಿತು. 40 ಬಿಟ್ ಎಂದರೆ ಸೆಕೆಂಡಿಗೆ ಐದು ಅಕ್ಷರ. ಒಂದು ಪುಟ ಕಳಿಸಲು ಆರೇಳು ನಿಮಿಷ. ಅಷ್ಟರಲ್ಲಿ ಆ ಪುಟವನ್ನು ಪ್ರಿಂಟ್ ಹಾಕಿ ಕೈಯಲ್ಲಿ ಹಿಡಿದು ನಡೆದೇ ಹೋಗಿ ಕೊಟ್ಟುಬರಬಹುದಿತ್ತು.

ಆ ಲ್ಯಾಬಿನಲ್ಲಿದ್ದ ವ್ಯಾನ್ ಜೇಕಬ್ಸನ್ ಇದನ್ನು ಹಿಡಿದು ಕೂತರು. ವಿಶ್ವವಿದ್ಯಾಲಯದ ಮೈಕೆಲ್ ಕ್ಯಾರೆಲ್ಸ್ ಜೊತೆಗೂಡಿದರು. ಅವರಿಗೆ ಕಂಡದ್ದು: ತಪ್ಪು ತಂತಿಯಲ್ಲಿಲ್ಲ, ನಡುವಿನ ಯಂತ್ರಗಳಲ್ಲೂ ಇಲ್ಲ. ಎರಡು ತುದಿಯ ಕಂಪ್ಯೂಟರುಗಳ ನಡವಳಿಕೆಯಲ್ಲಿದೆ. ಸಂಪರ್ಕ ಸಿಕ್ಕ ಕೂಡಲೇ ಇದ್ದಬದ್ದದ್ದನ್ನೆಲ್ಲ ಒಮ್ಮೆಗೇ ದಾರಿಗೆ ಸುರಿಯುತ್ತಿದ್ದವು. ಕಳೆದುಹೋದರೆ ಇನ್ನಷ್ಟು ಸುರಿಯುತ್ತಿದ್ದವು. 1988ರಲ್ಲಿ ಪ್ರಕಟವಾದ ಅವರ ಪ್ರಬಂಧ ಕೊಟ್ಟ ಮದ್ದು ಸರಳ. ಮೊದಲು ಒಂದೇ ಪ್ಯಾಕೆಟ್ ಕಳಿಸು. ಅದು ತಲುಪಿದ ಸುದ್ದಿ ಬಂದರೆ ಎರಡು, ಆಮೇಲೆ ನಾಲ್ಕು, ಎಂಟು. ಒಂದು ಕಳೆದರೂ ಅದನ್ನು ‘ಮುಂದೆ ದಟ್ಟಣೆ ಇದೆ’ ಎಂಬ ಸೂಚನೆ ಎಂದು ತಿಳಿದು ಹಿಂದೆ ಸರಿ. ಆಮೇಲೆ ನಿಧಾನಕ್ಕೆ ಏರು. ಮತ್ತೆ ಕಳಿಸುವ ಮೊದಲು ಕಾಯುವ ಹೊತ್ತನ್ನು ಪ್ರತಿ ಸಲವೂ ಹೆಚ್ಚಿಸು.

ಎಂ.ಟೆಕ್ ಪಠ್ಯದಲ್ಲಿ ನಾನು ಇದನ್ನು ಒಂದು ಗ್ರಾಫ್ ಆಗಿ ಓದಿದ್ದೆ. ಗರಗಸದ ಹಲ್ಲಿನಂಥ ಗೆರೆ. ಅದರ ಅರ್ಥ ಮನದಟ್ಟಾದದ್ದು ಹಿಂಜವಾಡಿಗೆ ಬಂದ ಮೇಲೆ. ಸಂಜೆ ಆರೂವರೆಗೆ ಮೂರೂ ಫೇಸಿನ ಕಂಪನಿಗಳು ಒಟ್ಟಿಗೆ ಬಾಗಿಲು ತೆರೆದಾಗ ಶಿವಾಜಿ ಚೌಕದಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಒಂದು ಕಡೆ ರಸ್ತೆ ಅಗಲ ಮಾಡಿದರೆ ಜನ ಇನ್ನಷ್ಟು ಬೇಗ ಭೂಮ್ಕರ್ ಚೌಕಕ್ಕೆ ಬಂದು ನಿಲ್ಲುತ್ತಾರೆ, ಅಷ್ಟೇ. ಜಾಲಕ್ಕೂ ರಸ್ತೆಗೂ ಒಂದು ವ್ಯತ್ಯಾಸ ಇದೆ: ರಸ್ತೆಯಲ್ಲಿ ಜಾಗ ಸಾಲದಿದ್ದರೆ ಕಾರು ನಿಂತಿರುತ್ತದೆ, ರೌಟರಿನಲ್ಲಿ ಜಾಗ ಸಾಲದಿದ್ದರೆ ಪ್ಯಾಕೆಟ್ಟನ್ನು ಎಸೆಯಲಾಗುತ್ತದೆ. ಆ ಎಸೆತವನ್ನೇ ಜೇಕಬ್ಸನ್ ಸೂಚನೆಯಾಗಿ ಬಳಸಿಕೊಂಡರು. ಇಂಟರ್ನೆಟ್ಟನ್ನು ಆ ಹೊತ್ತು ಉಳಿಸಿದ್ದು ತುದಿಯಲ್ಲಿದ್ದವರ ಸಂಯಮ. ಹೊಸ ಲೈನು ಅಲ್ಲ.

ಯಾವ ಸ್ಟಾಪಿನಲ್ಲಿ ನಿಂತಿತು

ಹೋಗಿಬರಲು ಎಷ್ಟು ಹೊತ್ತಾಯಿತೆಂದು ಪಿಂಗ್ ಹೇಳುತ್ತದೆ. ನಡುವೆ ಎಲ್ಲಿ ತಡವಾಯಿತೆಂದು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದ್ದೂ ಜೇಕಬ್ಸನ್ನರೇ. ಸ್ಟೀವ್ ಡೀರಿಂಗ್ ಕೊಟ್ಟ ಸೂಚನೆಯಿಂದ ಹೊರಟು 1988ರ ಹೊತ್ತಿಗೆ ಟ್ರೇಸ್‌ರೂಟ್ ಬರೆದರು. ಪ್ರತಿ ಪ್ಯಾಕೆಟ್ಟಿಗೂ ಒಂದು ಆಯುಷ್ಯ ಬರೆದಿರುತ್ತದೆ. ರೌಟರುಗಳ ನಡುವೆ ದಾರಿ ತಪ್ಪಿ ಸುತ್ತುತ್ತಲೇ ಇರಬಾರದೆಂದು ಮಾಡಿದ ವ್ಯವಸ್ಥೆ ಅದು. ಪ್ರತಿ ರೌಟರೂ ಆಯುಷ್ಯದಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಬಿಸಾಡಿ, ‘ನಿನ್ನದು ಇಲ್ಲಿ ತೀರಿಕೊಂಡಿತು’ ಎಂದು ಕಳಿಸಿದವನಿಗೆ ಚೀಟಿ ಬರೆಯುತ್ತದೆ. ಜೇಕಬ್ಸನ್ ಬೇಕೆಂದೇ ಅಲ್ಪಾಯುಷಿಗಳನ್ನು ಕಳಿಸಿದರು. ಆಯುಷ್ಯ 1 ಇದ್ದದ್ದು ಮೊದಲ ರೌಟರಿನಿಂದ, 2 ಇದ್ದದ್ದು ಎರಡನೆಯದರಿಂದ ಚೀಟಿ ತಂದುಕೊಟ್ಟಿತು.

ವಾಕಡಿನಲ್ಲಿ ರಾತ್ರಿ ಬಸ್ಸು ಹತ್ತುವ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಬಸ್ಸು ಎರಡು ತಾಸು ತಡವಾಯಿತೆಂದು ಹುಬ್ಬಳ್ಳಿಯಲ್ಲಿ ಕೂತವರಿಗೆ ಗೊತ್ತು. ಖಂಬಾಟ್ಕಿ ಘಾಟಿನಲ್ಲಿ ತಡವಾಯಿತೋ, ಊಟದ ಹೋಟೆಲಿನಲ್ಲೋ ಎಂಬುದು ಪ್ರತಿ ಸ್ಟಾಪಿನಿಂದ ಯಾರಾದರೂ ಫೋನ್ ಮಾಡಿದರೆ ಮಾತ್ರ ಗೊತ್ತು.

ಇಲ್ಲಿ ಒಂದು ಎಚ್ಚರಿಕೆ. ನಡುವಿನ ಒಂದು ಸಾಲಿನಲ್ಲಿ 400 ಮಿಲಿಸೆಕೆಂಡು ಕಂಡ ತಕ್ಷಣ ‘ಇವನೇ ಕಳ್ಳ’ ಎಂದು ಬೆರಳು ತೋರಿಸುವವರು ಬಹಳ. ರೌಟರಿನ ಮುಖ್ಯ ಕೆಲಸ ಪ್ಯಾಕೆಟ್ ಸಾಗಿಸುವುದು. ಚೀಟಿ ಬರೆಯುವುದು ಬಿಡುವಾದಾಗ. ಮುಂದಿನ ಸಾಲುಗಳಲ್ಲಿ ಸಮಯ ಮತ್ತೆ 60ಕ್ಕೆ ಇಳಿದಿದ್ದರೆ ಆ 400 ರೌಟರಿನ ಸೋಮಾರಿತನವೇ ಹೊರತು ದಾರಿಯ ದೋಷವಲ್ಲ. ಒಂದು ಕಡೆ ಏರಿದ್ದು ಕೊನೆಯವರೆಗೂ ಇಳಿಯದೆ ಉಳಿದರೆ ಮಾತ್ರ ಸಂಶಯಪಡಬೇಕು. ಇನ್ನೊಂದು, ಹೋಗುವ ದಾರಿಯೇ ಬರುವ ದಾರಿ ಆಗಿರಬೇಕೆಂದಿಲ್ಲ. ಟ್ರೇಸ್‌ರೂಟ್ ತೋರಿಸುವುದು ಹೋಗುವುದನ್ನು ಮಾತ್ರ. ಅದಕ್ಕೇ ಎರಡೂ ತುದಿಯಿಂದ ಓಡಿಸಿ ನೋಡಬೇಕು.

ಆಕಾಶದ ಅರ್ಧ ಸೆಕೆಂಡು

ಬರ್ಕ್ಲಿಯವರು 400 ಗಜದ ಬಗ್ಗೆ ತಲೆಕೆಡಿಸಿಕೊಂಡಿದ್ದ ಕಾಲಕ್ಕೆ ನಮ್ಮಲ್ಲಿ ಬೇರೊಂದು ದೂರದ ಲೆಕ್ಕ ಶುರುವಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು, ಉಪಗ್ರಹದ ಮೂಲಕ ಅಮೆರಿಕದೊಂದಿಗೆ ಸಂಪರ್ಕ ಇಟ್ಟುಕೊಂಡಿತು. 1986ರಲ್ಲಿ ಆರಂಭವಾದ ಅರ್ನೆಟ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಮತ್ತು ಮುಂಬೈಯ ಎನ್‌ಸಿಎಸ್‌ಟಿಯನ್ನು ಒಂದು ಜಾಲಕ್ಕೆ ತರುವ ಕೆಲಸ ಕೈಗೊಂಡಿತು. 1990ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳು ಮೊದಲು ಹುಟ್ಟಿದ ಮೂರು ಊರುಗಳಲ್ಲಿ ಬೆಂಗಳೂರು, ಪುಣೆ ಎರಡೂ ಇದ್ದವು, ಮೂರನೆಯದು ಭುವನೇಶ್ವರ. ಮರುವರ್ಷ ಅವೆಲ್ಲ ಎಸ್‌ಟಿಪಿಐ ಎಂಬ ಒಂದೇ ಸಂಸ್ಥೆಯ ಕೆಳಗೆ ಬಂದವು. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಹೋದ ಇನ್ಫೋಸಿಸ್ ನಂತರ ಹಿಂಜವಾಡಿಗೂ ಬಂತು. ಎರಡೂ ಊರಿನ ಕಥೆ ಹೀಗೆ ಹೆಣೆದುಕೊಂಡೇ ಇದೆ.

ಆ ಕಾಲದ ಸಾಮಾನ್ಯ ಲೈನು ಸೆಕೆಂಡಿಗೆ 64 ಸಾವಿರ ಬಿಟ್. ಒಂದು ಮೆಗಾಬೈಟ್ ಫೈಲು ಕಳಿಸಲು, ಬೇರೆ ಯಾರೂ ಬಳಸದಿದ್ದರೂ, ಎರಡು ನಿಮಿಷಕ್ಕೂ ಹೆಚ್ಚು. ಅದು ಕಿರಿದಾದ ದಾರಿಯ ತೊಂದರೆ. ಹಣ ಕೊಟ್ಟು ಅಗಲ ಮಾಡಬಹುದು. ಹಣಕ್ಕೂ ಬಗ್ಗದ ತೊಂದರೆ ಇನ್ನೊಂದಿತ್ತು. ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ. ಮೇಲೆ ಹೋಗಿ ಕೆಳಗೆ ಬರಲು ಬೆಳಕಿನ ವೇಗದಲ್ಲೇ ಸುಮಾರು 0.24 ಸೆಕೆಂಡು, ಉತ್ತರ ಬರಲು ಮತ್ತಷ್ಟೇ. ಅಮೆರಿಕದ ಯಂತ್ರಕ್ಕೆ ಲಾಗಿನ್ ಆಗಿ ಕೂತವನು ‘ಎ’ ಒತ್ತಿದರೆ, ಆ ಅಕ್ಷರ ಅಲ್ಲಿಗೆ ಹೋಗಿ ಮರಳಿ ಅವನ ಪರದೆಯ ಮೇಲೆ ಮೂಡಲು ಅರ್ಧ ಸೆಕೆಂಡು. ಎರಡು ಲೈನು ಕೊಂಡರೂ ಅರ್ಧ ಸೆಕೆಂಡು, ಹತ್ತು ಕೊಂಡರೂ ಅರ್ಧ ಸೆಕೆಂಡು. ಅಗಲ ಬೇರೆ, ದೂರ ಬೇರೆ ಎಂಬ ಪಾಠವನ್ನು ನಮ್ಮ ಹಿಂದಿನ ತಲೆಮಾರು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತ ಕಲಿತದ್ದು ಹೀಗೆ.

ಪುಣೆಯಿಂದ ಬೆಂಗಳೂರಿಗೆ, ಅಮೆರಿಕದ ಮೇಲೆ ಹಾಯ್ದು

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಬಾಗಿಲು ತೆರೆಯಿತು. 1998ರ ನವೆಂಬರಿನಿಂದ ಖಾಸಗಿಯವರೂ ಬಂದರು. ಆಗ ಒಂದು ವಿಚಿತ್ರ ಹುಟ್ಟಿಕೊಂಡಿತು. ಪ್ರತಿಯೊಂದು ಕಂಪನಿಯೂ ಹೊರದೇಶಕ್ಕೆ ಸ್ವಂತ ದಾರಿ ಮಾಡಿಕೊಂಡಿತು, ಪಕ್ಕದ ಕಂಪನಿಗೆ ಮಾಡಿಕೊಳ್ಳಲಿಲ್ಲ. ಹಾಗಾಗಿ ಪುಣೆಯಲ್ಲಿ ಒಂದು ಕಂಪನಿಯ ಗಿರಾಕಿ ಬೆಂಗಳೂರಿನಲ್ಲಿ ಇನ್ನೊಂದು ಕಂಪನಿಯ ಗಿರಾಕಿಗೆ ಕಳಿಸಿದ ಪ್ಯಾಕೆಟ್ ಎಷ್ಟೋ ಸಲ ಅಮೆರಿಕಕ್ಕೆ ಹೋಗಿ ಅಲ್ಲಿ ಕೈಬದಲಾಗಿ ಮರಳಿ ಭಾರತಕ್ಕೆ ಬರುತ್ತಿತ್ತು.

ಲೆಕ್ಕ ಹಾಕಿ ನೋಡಿ. ಪುಣೆ–ಬೆಂಗಳೂರು ಹೆದ್ದಾರಿ ಸುಮಾರು 840 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೆದ್ದಾರಿಯ ಗುಂಟ ಎಳೆ ಹಾಕಿದರೆ ಹೋಗಿಬರಲು 8-9 ಮಿಲಿಸೆಕೆಂಡು ಸಾಕು. ಅಮೆರಿಕದ ಮೇಲೆ ಹೋದರೆ ಅರ್ಧ ಸೆಕೆಂಡಿನ ಆಸುಪಾಸು. ಹುಬ್ಬಳ್ಳಿಗೆ ಹೊರಟವರನ್ನು ಲಂಡನ್ ತೋರಿಸಿಕೊಂಡು ಕರೆತಂದ ಹಾಗೆ. ಮೇಲಾಗಿ, ಆ ಸುತ್ತಾಟದ ವಿದೇಶಿ ಲೈನಿನ ಬಾಡಿಗೆ ನಾವೇ ಕಟ್ಟಬೇಕು. ಇದನ್ನು ಬಯಲು ಮಾಡಿದ್ದು ಯಾವ ದೊಡ್ಡ ಉಪಕರಣವೂ ಅಲ್ಲ. ಮನೆಯ ಕಂಪ್ಯೂಟರಿನಲ್ಲಿ ಟ್ರೇಸ್‌ರೂಟ್ ಓಡಿಸಿದವನಿಗೆ ನಡುವಿನ ರೌಟರುಗಳ ಹೆಸರಿನಲ್ಲಿ ಅಮೆರಿಕದ ಊರುಗಳು ಕಾಣುತ್ತಿದ್ದವು.

2003ರ ಜೂನಿನಲ್ಲಿ ನಿಕ್ಸಿ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಅದರ ಕೆಲಸ ಸಂತೆಕಟ್ಟೆಯ ಕೆಲಸ: ಎಲ್ಲ ಕಂಪನಿಗಳೂ ಒಂದು ಜಾಗದಲ್ಲಿ ಸೇರಿ, ದೇಶದೊಳಗಿನ ಸಂಚಾರವನ್ನು ದೇಶದೊಳಗೇ ಕೈಬದಲಾಯಿಸಿಕೊಳ್ಳುವುದು. ನೋಯ್ಡಾ, ಮುಂಬೈ, ಚೆನ್ನೈ, ಕೋಲ್ಕತ್ತಾಗಳಲ್ಲಿ ಮೊದಲ ಕೇಂದ್ರಗಳು ಬಂದವು. ಬೆಂಗಳೂರು ಆಮೇಲೆ ಸೇರಿತು. ಇಲ್ಲಿ ನಿಧಾನಕ್ಕೆ ಕಾರಣ ತಾಂತ್ರಿಕವಾಗಿರಲಿಲ್ಲ. ನೆರೆಹೊರೆಯವರು ಮಾತು ಬಿಟ್ಟಿದ್ದೇ ಕಾರಣ. ರೌಟಿಂಗ್ ಕೋಷ್ಟಕದಲ್ಲಿ ಬರೆದಿರುವುದು ಎಷ್ಟೋ ಸಲ ವ್ಯವಹಾರದ ಒಪ್ಪಂದಗಳೇ.

ಒಪ್ಪಂದಗಳ ಕೆಳಗೆ ಸಮುದ್ರವಿದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಸೀ-ಮೀ-ವೀ 4 ಮತ್ತು ಫ್ಲಾಗ್ ಎಂಬ ಎರಡು ಕೇಬಲ್‌ಗಳು ತುಂಡಾದವು. ಎರಡು ದಿನದಲ್ಲಿ ದುಬೈ ಹತ್ತಿರ ಫಾಲ್ಕನ್ ಕೇಬಲ್ ಕೂಡ. ಪಶ್ಚಿಮಕ್ಕೆ ಹೋಗುತ್ತಿದ್ದ ಭಾರತದ ಸಂಚಾರದ ದೊಡ್ಡ ಪಾಲನ್ನು ಪೂರ್ವಕ್ಕೆ, ಪೆಸಿಫಿಕ್ ಸಾಗರದ ಕಡೆಗೆ ತಿರುಗಿಸಬೇಕಾಯಿತು. ಸಂಪರ್ಕ ಪೂರ್ತಿ ಹೋಗಲಿಲ್ಲ. ರೌಟರುಗಳು ಬೇರೆ ದಾರಿ ಹುಡುಕಿಕೊಂಡವು. ಆದರೆ ದಾರಿ ಉದ್ದವಾಯಿತು, ಉಳಿದ ಕೇಬಲ್‌ಗಳು ಕಿಕ್ಕಿರಿದವು. ಆ ವಾರ ಹಿಂಜವಾಡಿಯಲ್ಲಿ ಕೂತು ಲೋಕಲ್ ಸ್ವಿಚ್ ರೀಸ್ಟಾರ್ಟ್ ಮಾಡಿದವರಿಗೆ ಏನೂ ಸಿಗುವಂತಿರಲಿಲ್ಲ.

ಖಾಲಿ ಪೈಪಿನ ಮುಂದೆ ಕಾದವರು

ಈಗ ನನ್ನ ಅನುಭವದ ಒಂದು ಪ್ರಸಂಗ. 2006ರ ಸುಮಾರು. ಅಮೆರಿಕದ ಪೂರ್ವ ಕರಾವಳಿಯ ಗ್ರಾಹಕರೊಬ್ಬರಿಂದ ಪ್ರತಿದಿನ ಸುಮಾರು 5 ಗಿಗಾಬೈಟಿನ ಫೈಲು ನಮ್ಮಲ್ಲಿಗೆ ಇಳಿಯಬೇಕಿತ್ತು. ಲೈನು 45 ಮೆಗಾಬಿಟ್ಟಿನದು. ಕಾಲು ಗಂಟೆಯ ಕೆಲಸ. ಹಿಡಿಯುತ್ತಿದ್ದದ್ದು ಐದು ತಾಸಿಗೂ ಹೆಚ್ಚು. ಹುಡುಗರು ನಸುಕಿನಲ್ಲೇ ಬಂದು ಕೂತರೂ ಕೆಲಸ ಶುರುವಾಗುತ್ತಿದ್ದದ್ದು ಹತ್ತರ ನಂತರ. ವಾರದ ವರದಿಯಲ್ಲಿ ಇದರ ಹೆಸರು ‘ಪುಣೆ ತಂಡದ ವಿಳಂಬ’. ಲೈನನ್ನು ದುಪ್ಪಟ್ಟು ಮಾಡುವ ಪ್ರಸ್ತಾವನೆ ಮಂಜೂರಾತಿಯ ಹಂತದಲ್ಲಿತ್ತು.

ತಂಡದಲ್ಲಿ ಗದಗಿನ ಕಡೆಯ ಒಬ್ಬ ಹುಡುಗನಿದ್ದ. ಒಂದರ ಬದಲು ನಾಲ್ಕು ಫೈಲನ್ನು ಒಟ್ಟಿಗೆ ಇಳಿಸಲು ಹಚ್ಚಿ ನೋಡಿದ. ಲೈನು ತುಂಬಿದ್ದರೆ ನಾಲ್ಕೂ ಹಂಚಿಕೊಂಡು ಇನ್ನಷ್ಟು ನಿಧಾನವಾಗಬೇಕು. ಅವನು ಬಂದು ಹೇಳಿದ: “ಸರ್, ನಾಲ್ಕೂ ತಲಾ ಎರಡೆರಡು ಮೆಗಾಬಿಟ್ಟಿಗೆ ಬರಾಕತ್ತಾವ್ರಿ. ಪೈಪ್ ಖಾಲಿ ಐತ್ರಿ.”

ಅದರ ಹಿಂದಿನ ಗಣಿತ ಹಳೆಯದು. ಉತ್ತರ ಬರುವ ಮೊದಲು ಎಷ್ಟು ಮಾಹಿತಿಯನ್ನು ದಾರಿಯಲ್ಲಿ ಬಿಡಬಹುದು ಎಂಬುದಕ್ಕೆ ಟಿಸಿಪಿಯಲ್ಲಿ ಒಂದು ಮಿತಿ ಇದೆ, ಅದೇ ವಿಂಡೋ. ಮೂಲ ವಿನ್ಯಾಸದಲ್ಲಿ ಅದರ ಗರಿಷ್ಠ 65,535 ಬೈಟ್. ಹೋಗಿಬರಲು ಕಾಲು ಸೆಕೆಂಡು ಹಿಡಿದರೆ, ಪ್ರತಿ ಕಾಲು ಸೆಕೆಂಡಿಗೆ 65,535 ಬೈಟ್ ಮಾತ್ರ; ಅಂದರೆ ಸುಮಾರು 2.1 ಮೆಗಾಬಿಟ್. ಲೈನು 45 ಇರಲಿ, 90 ಇರಲಿ, ಒಂದು ಸಂಪರ್ಕಕ್ಕೆ ಸಿಗುವುದು ಅಷ್ಟೇ. ದೊಡ್ಡ ಟ್ಯಾಂಕರ್ ನಿಲ್ಲುವ ರಸ್ತೆಯಲ್ಲಿ ಒಂದು ಕೊಡ ಹಿಡಿದು ನೀರು ತಂದ ಹಾಗೆ. ಈ ಮಿತಿ ದಾಟಲು 1992ರಲ್ಲೇ ಆರ್‌ಎಫ್‌ಸಿ 1323 ದಾರಿ ಹೇಳಿತ್ತು. ಬರೆದ ಮೂವರಲ್ಲಿ ಜೇಕಬ್ಸನ್ ಕೂಡ ಒಬ್ಬರು. ಆದರೆ ಹದಿನಾಲ್ಕು ವರ್ಷದ ನಂತರವೂ ಎಷ್ಟೋ ಯಂತ್ರಗಳಲ್ಲಿ ಅದು ಚಾಲೂ ಇರಲಿಲ್ಲ. ನಮ್ಮ ಪ್ರಸಂಗದಲ್ಲಿ ದಾರಿಯ ನಡುವಿನ ಹಳೆಯ ಫೈರ್‌ವಾಲ್ ಒಂದು ಆ ಆಯ್ಕೆಯನ್ನು ಅಳಿಸಿ ಮುಂದೆ ಕಳಿಸುತ್ತಿತ್ತು. ಆ ಒಂದು ಸೆಟ್ಟಿಂಗ್ ಬದಲಾಯಿಸಿದ ಮೇಲೆ ಫೈಲು ಅರ್ಧ ಗಂಟೆಯೊಳಗೆ ಇಳಿಯತೊಡಗಿತು. ಹೊಸ ಲೈನು ಕೊಳ್ಳಲಿಲ್ಲ.

ಆದರೆ ಹಿಂದಿನ ತಿಂಗಳುಗಳ ವರದಿಯಲ್ಲಿ ‘ಪುಣೆ ತಂಡದ ವಿಳಂಬ’ ಎಂದು ಬರೆದದ್ದನ್ನು ಯಾರೂ ತಿದ್ದಲಿಲ್ಲ. ನಾನು ಬರೆದ ಪತ್ರಕ್ಕೆ ‘ಮುಗಿದ ವಿಷಯ’ ಎಂಬ ಉತ್ತರ ಬಂತು. ಆ ವರ್ಷದ ಅಪ್ರೈಸಲ್ಲಿನಲ್ಲಿ ಇಬ್ಬರು ಹುಡುಗರ ಹೆಸರಿನ ಮುಂದೆ ‘ಸಮಯಪಾಲನೆ ಸುಧಾರಿಸಬೇಕು’ ಎಂಬ ಸಾಲು ಹಾಗೇ ಉಳಿಯಿತು. ಯಂತ್ರದ ನಿಧಾನ ಮನುಷ್ಯನ ಲೆಕ್ಕಕ್ಕೆ ಜಮೆಯಾಗುವುದೆಂದರೆ ಇದು.

ಸಣ್ಣ ದೋಷಗಳು, ದೊಡ್ಡ ಸಾಲುಗಳು

ಎಲ್ಲ ಪ್ರಸಂಗವೂ ಸಮುದ್ರ ದಾಟುವುದಿಲ್ಲ. 1990ರ ದಶಕದಿಂದ ಬಂದ ಎರಡು ಹಳೆಯ ಕಾಯಿಲೆಗಳು ಇಂದಿಗೂ ಅಲ್ಲಲ್ಲಿ ಸಿಗುತ್ತವೆ. ಒಂದು, ಒಂದೇ ಕೇಬಲ್ಲಿನ ಎರಡು ತುದಿಗಳ ಮನಸ್ತಾಪ. ಒಂದು ತುದಿ ಏಕಕಾಲಕ್ಕೆ ಮಾತಾಡಿ ಕೇಳುವ ಫುಲ್ ಡುಪ್ಲೆಕ್ಸ್ ಎಂದು ಬಿಗಿದಿರುತ್ತಾರೆ. ಇನ್ನೊಂದನ್ನು ‘ಆಟೋ’ಗೆ ಬಿಟ್ಟಿರುತ್ತಾರೆ, ಅದು ಸರದಿ ಪ್ರಕಾರ ಮಾತಾಡುವ ಹಾಫ್ ಡುಪ್ಲೆಕ್ಸಿಗೆ ಇಳಿಯುತ್ತದೆ. ಪಿಂಗ್ ಚೆನ್ನಾಗಿ ಬರುತ್ತದೆ. ದೊಡ್ಡ ಫೈಲು ಹಾಕಿದರೆ ಇಬ್ಬರೂ ಒಟ್ಟಿಗೆ ಮಾತಾಡಿ ಎಲ್ಲ ಕೆಡುತ್ತದೆ. ಸ್ವಿಚ್ಚಿನ ಎರರ್ ಲೆಕ್ಕ ನೋಡಿದರೆ ಗೊತ್ತಾಗುತ್ತದೆ, ನೋಡುವವರು ಕಡಿಮೆ.

ಇನ್ನೊಂದು, ಪ್ಯಾಕೆಟ್ಟಿನ ಗಾತ್ರ. ಈಥರ್ನೆಟ್ಟಿನಲ್ಲಿ ಅದು 1,500 ಬೈಟ್. ವಿಪಿಎನ್ ಸುರಂಗದೊಳಗೆ ಹೋಗುವಾಗ ಹೆಚ್ಚುವರಿ ಹೊದಿಕೆ ಸೇರಿ ಒಳಗಿನ ಜಾಗ ಕಡಿಮೆಯಾಗುತ್ತದೆ. ಆಗ ರೌಟರ್ ‘ಇದು ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು’ ಎಂದು ಹೇಳಿಕಳಿಸಬೇಕು. 1990ರ ಆರ್‌ಎಫ್‌ಸಿ 1191 ಹಾಗೆ ವಿಧಿಸಿದೆ. ಸುರಕ್ಷತೆಯ ಹೆಸರಿನಲ್ಲಿ ಯಾರೋ ಆ ಜಾತಿಯ ಸಂದೇಶಗಳನ್ನೆಲ್ಲ ಫೈರ್‌ವಾಲಿನಲ್ಲಿ ತಡೆದಿರುತ್ತಾರೆ. ಆಗ ಲಾಗಿನ್ ಆಗುತ್ತದೆ, ಚಿಕ್ಕ ಮೇಲ್ ಹೋಗುತ್ತದೆ, ಅಟ್ಯಾಚ್‌ಮೆಂಟ್ ಮಾತ್ರ ಹೊರಡದೆ ನಿಲ್ಲುತ್ತದೆ. ಇಂಥ ಲಕ್ಷಣ ಕಂಡರೆ ಬೇಗ ಗಾತ್ರವನ್ನು ಸಂಶಯಿಸಿ.

ನಮ್ಮ ಕಾಲದ ಕಾಯಿಲೆ ಮನೆಯ ರೌಟರಿನಲ್ಲಿದೆ. 2010ರಲ್ಲಿ ಜಿಮ್ ಗೆಟ್ಟಿಸ್ ತಮ್ಮ ಮನೆಯಿಂದ ದೊಡ್ಡ ಫೈಲು ಕಳಿಸುವಾಗ ಪಿಂಗ್ ಉತ್ತರ ಸೆಕೆಂಡಿಗೂ ಮೀರಿ ತಡವಾಗುವುದನ್ನು ಕಂಡರು. ಮೆಮೊರಿ ಅಗ್ಗವಾದದ್ದರಿಂದ ತಯಾರಕರು ಉಪಕರಣಗಳಲ್ಲಿ ಭಾರೀ ಬಫರುಗಳನ್ನು ತುಂಬಿದ್ದರು. ಜಾಗ ಸಾಲದಾಗ ಎಸೆಯಬೇಕಾದ ಪ್ಯಾಕೆಟ್ಟನ್ನು ಎಸೆಯದೆ ಉದ್ದನೆಯ ಸಾಲಿನಲ್ಲಿ ನಿಲ್ಲಿಸುತ್ತಿದ್ದವು. ಜೇಕಬ್ಸನ್ನರ ಉಪಾಯ ನಿಂತಿದ್ದೇ ಆ ಎಸೆತದ ಸೂಚನೆಯ ಮೇಲೆ. ಸೂಚನೆ ತಡವಾಗಿ ಸಿಕ್ಕಿದರೆ ತುದಿಯವರು ಸುರಿಯುತ್ತಲೇ ಇರುತ್ತಾರೆ. ಗೆಟ್ಟಿಸ್ ಇದನ್ನು ಬಫರ್‌ಬ್ಲೋಟ್ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕಲ್ಸ್ ಮತ್ತು ಅದೇ ಜೇಕಬ್ಸನ್ ಕೋಡೆಲ್ ಎಂಬ ಪರಿಹಾರ ಕೊಟ್ಟರು: ಸಾಲು ಎಷ್ಟು ಉದ್ದವಿದೆ ಎನ್ನುವುದರ ಬದಲು, ಪ್ಯಾಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಅಳೆ. 2020ರ ಮಾರ್ಚಿನ ನಂತರ ಮನೆಯಿಂದ ಕೆಲಸ ಮಾಡಿದ ನಮಗೆಲ್ಲ ಈ ಕಾಯಿಲೆ ಪರಿಚಿತ. ಒಬ್ಬರು ಫೋಟೋ ಅಪ್‌ಲೋಡ್ ಹಚ್ಚಿದರೆ ಇನ್ನೊಬ್ಬರ ಮೀಟಿಂಗಿನ ಧ್ವನಿ ತುಂಡಾಗುವುದು ಇದರಿಂದಲೇ.

ದೂರು ಬರೆಯುವ ರೀತಿ

ನಲವತ್ತು ವರ್ಷದ ಈ ಚರಿತ್ರೆಯನ್ನು ಒಟ್ಟಿಗೆ ನೋಡಿದರೆ ನಿಧಾನದ ಮೂಲಗಳು ಐದೇ: ದೂರ, ಕಿರಿದಾದ ದಾರಿ, ಕಳೆದುಹೋಗುವುದು, ಸಾಲಿನಲ್ಲಿ ನಿಲ್ಲುವುದು, ತುದಿಯ ಯಂತ್ರದ ನಡವಳಿಕೆ. ಹೆಚ್ಚು ಬ್ಯಾಂಡ್‌ವಿಡ್ತ್ ಕೊಂಡರೆ ಇವುಗಳಲ್ಲಿ ಖಂಡಿತ ವಾಸಿಯಾಗುವುದು ಒಂದೇ. ಆದರೂ ಎಲ್ಲಕ್ಕಿಂತ ಮೊದಲು ಕೊಳ್ಳುವುದು ಅದನ್ನೇ, ಯಾಕೆಂದರೆ ಕೊಳ್ಳುವುದು ಅಳೆಯುವುದಕ್ಕಿಂತ ಸುಲಭ.

ಹಾಗಾಗಿ ಈ ಕೆಲಸಕ್ಕೆ ಹೊಸದಾಗಿ ಬಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ‘ಸ್ಲೋ ಇದೆ’ ಎಂದು ಬರೆಯಬೇಡಿ. ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ, ಎಷ್ಟು ದೊಡ್ಡದು, ಎಷ್ಟು ಸೆಕೆಂಡು ಎಂದು ಬರೆಯಿರಿ. ಎಲ್ಲ ಚೆನ್ನಾಗಿ ನಡೆಯುತ್ತಿರುವ ದಿನವೇ ಒಮ್ಮೆ ಅಳೆದು ಇಟ್ಟುಕೊಳ್ಳಿ; ಕೆಟ್ಟ ದಿನ ಹೋಲಿಸಲು ಅದೇ ಆಧಾರ. ಮೊದಲು ನಿಮ್ಮ ಮೇಜಿನಿಂದ ಸ್ವಿಚ್ಚಿಗೆ, ಆಮೇಲೆ ಕಟ್ಟಡದ ಬಾಗಿಲಿಗೆ, ಆಮೇಲೆ ಹೊರಗೆ, ಒಂದೊಂದೇ ಹೆಜ್ಜೆ. ಒಂದು ಸಂಪರ್ಕ, ನಾಲ್ಕು ಸಂಪರ್ಕ ಎರಡನ್ನೂ ನೋಡಿ. ಎರಡೂ ತುದಿಯಿಂದ ನೋಡಿ. ಒಮ್ಮೆಗೆ ಒಂದನ್ನೇ ಬದಲಾಯಿಸಿ. ಅಂಕಿಯನ್ನು ದಿನಾಂಕದ ಸಮೇತ ಕಡತದಲ್ಲಿ ಇಡಿ.

ಕೊನೆಯದು ಮುಖ್ಯ. ಊರು ಬಿಟ್ಟು ಬಂದು, ಇನ್ನೊಬ್ಬರ ಹಗಲಿಗೆ ನಮ್ಮ ರಾತ್ರಿಯನ್ನು ಹೊಂದಿಸಿಕೊಂಡು ದುಡಿಯುವ ನಮ್ಮಂಥವರ ಬಗ್ಗೆ ‘ಆ ಕಡೆಯವರು ನಿಧಾನ’ ಎಂಬ ತೀರ್ಪು ಬಹಳ ಸುಲಭವಾಗಿ ಬರುತ್ತದೆ. ಹನ್ನೆರಡೂವರೆ ಸಾವಿರ ಕಿಲೋಮೀಟರ್ ದೂರದಿಂದ ನೋಡುವವರಿಗೆ ಫೈರ್‌ವಾಲ್ ಕಾಣುವುದಿಲ್ಲ, ಹೆಸರಿನ ಪಟ್ಟಿ ಕಾಣುತ್ತದೆ. ಮೂಸ್ ಒಂದು ರಾತ್ರಿ ನಿದ್ದೆಗೆಟ್ಟು ಬರೆದ ಪ್ರೋಗ್ರಾಂ ಜಾಲದ ದೋಷ ಹುಡುಕಲು ಹುಟ್ಟಿದ್ದು ನಿಜ. ನಿರ್ದೋಷಿಗಳನ್ನು ಬಿಡಿಸಲೂ ಅದು ಬರುತ್ತದೆ. ಅಳತೆಯ ಚೀಟಿ ಕೈಯಲ್ಲಿದ್ದರೆ ವರದಿಯ ಆ ಸಾಲನ್ನು ಬರೆಯುವ ಮೊದಲೇ ತಡೆಯಬಹುದು. ಬರೆದಾದ ಮೇಲೆ ಅಳಿಸುವುದು ಫೈರ್‌ವಾಲ್ ಸರಿಪಡಿಸುವುದಕ್ಕಿಂತ ಬಹಳ ಕಷ್ಟ.